ಕೋಳಿಮರಿಗೆ ಮೊದಲು ಊಟ, ಆಮೇಲೆ ತಿಂಡಿ: ಮೊದಲ ದಿನದಿಂದ ಎಂಟನೇ ವಾರದವರೆಗೆ

ಮರಿ ತಂದವರು ಪದೇ ಪದೇ ಕೇಳುವುದು ಎರಡೇ ವಿಷಯ. ತಟ್ಟೆ ತುಂಬ ಫೀಡ್ ಇದ್ದರೂ ಮರಿ ಯಾಕೆ ಸೊರಗುತ್ತಿದೆ? ಆಸೆಪಟ್ಟು ಏನೋ ತಿಂಡಿ ಕೊಟ್ಟೆವು, ಮಾರನೇ ದಿನವೇ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡು ಯಾಕೆ ಕೂತಿದೆ? ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ: ಕ್ರಮ ತಪ್ಪಿರುತ್ತದೆ. ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಫೀಡ್, ಆಮೇಲೆ ಸಣ್ಣ ಕಲ್ಲು, ಎಲ್ಲಕ್ಕಿಂತ ಕೊನೆಗೆ ತಿಂಡಿ. ಇದರಲ್ಲಿ ಒಂದನ್ನು ಹಾರಿಸಿದರೆ ಅದರ ಮುಂದಿನದು ಕೈಕೊಡುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಮರಿ ಬರುವ ಮುಂಚೆ ಕೈಗೆ ಸಿಗಬೇಕಾದ ಸಾಮಾನು

ಅಂಚು ತಗ್ಗಾಗಿರುವ ಒಂದು ಅಗಲವಾದ ತಟ್ಟೆ, ಮರಿಗಳಿಗೆಂದೇ ಮಾಡಿದ ಉದ್ದನೆಯ ಫೀಡರ್, ಆಳವಿಲ್ಲದ ನೀರಿನ ಡ್ರಿಂಕರ್, ಅದರೊಳಗೆ ಹಾಕಲು ತೊಳೆದ ಗೋಲಿ ಅಥವಾ ನುಣುಪು ಕಲ್ಲುಗಳು, ಒಂದು ಥರ್ಮಾಮೀಟರ್, ಒರಟು ಮೈಯ ಕಾಗದ, ಗ್ರಾಂ ತೋರಿಸುವ ಸಣ್ಣ ತಕ್ಕಡಿ. ತಕ್ಕಡಿ ಯಾಕೆ ಅನ್ನಿಸಬಹುದು. ತಿಂಡಿಯ ಹಂತಕ್ಕೆ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಸುದ್ದಿಪತ್ರಿಕೆಯ ಹಾಳೆ ಹಾಸಬೇಡಿ. ಅದು ಜಾರುತ್ತದೆ. ಜಾರುವ ನೆಲದ ಮೇಲೆ ಓಡಾಡಿದ ಮರಿಯ ಕಾಲು ಎರಡೂ ಕಡೆ ಹರಡಿಕೊಂಡುಬಿಡುತ್ತದೆ. ಆಮೇಲೆ ಅದು ಎದ್ದು ನಿಲ್ಲುವುದೇ ಕಷ್ಟ, ಫೀಡರ್ ತನಕ ಹೋಗುವುದು ದೂರದ ಮಾತು. ಟಿಶ್ಯೂ ಟವೆಲ್ ಅಥವಾ ಒರಟು ಬಟ್ಟೆ ಸಾಕು.

ಹಂತ 1: ಸರಿಯಾದ ಫೀಡ್ ತಂದಿಡಿ

ಮರಿಗೆ ಬೇಕಾಗಿರುವುದು ಸ್ಟಾರ್ಟರ್ ಫೀಡ್. ಮೊಟ್ಟೆ ತಳಿಯ ಮರಿಗಾದರೆ ಪ್ರೋಟೀನ್ ಶೇಕಡಾ 18ರಿಂದ 20, ಮಾಂಸದ ತಳಿಗಾದರೆ 20ರಿಂದ 23. ಚೀಲದ ಮೇಲೆ ಅಂಟಿಸಿದ ಚೀಟಿಯಲ್ಲಿ ಇದು ಬರೆದಿರುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಸಣ್ಣ ರವೆಯಂತಹ ಪುಡಿಕಾಳು ಕಾಣಬೇಕು. ದೊಡ್ಡ ಗುಳಿಗೆಯಂತಿದ್ದರೆ ಅದು ಮರಿಯ ಕೊಕ್ಕಿಗಲ್ಲ. ತೀರಾ ಹಿಟ್ಟಾಗಿದ್ದರೆ ಕೊಕ್ಕಿಗೆ ಅಂಟಿಕೊಳ್ಳುತ್ತದೆ, ಪೋಲೂ ಜಾಸ್ತಿ.

ಇಲ್ಲಿ ಆಗುವ ದೊಡ್ಡ ತಪ್ಪು ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಗಳ ಫೀಡ್ ಕೊಡುವುದು. ಮನೆಯಲ್ಲಿ ದೊಡ್ಡ ಕೋಳಿಗಳಿಗೆ ತಂದಿದ್ದು ಇದೆಯಲ್ಲ, ಅದನ್ನೇ ಪುಡಿ ಮಾಡಿ ಹಾಕೋಣ ಅಂತ ಅನ್ನಿಸುತ್ತದೆ. ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟು ಇರುತ್ತದೆ. ಮರಿಗೆ ಬೇಕಾಗಿರುವುದು ಸುಮಾರು 1. ಮೊಟ್ಟೆ ಇಡದ ಹಕ್ಕಿ ಆ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಕಿಡ್ನಿಯಿಂದಲೇ ಹೊರಹಾಕಬೇಕು. ಕಿಡ್ನಿ ಹಾಳಾಗುತ್ತಿರುವುದು ಹೊರಗಿನಿಂದ ಬೇಗ ಕಾಣುವುದೂ ಇಲ್ಲ. ಮರಿಗಳು ತಾಯಿಕೋಳಿ ಅಥವಾ ದೊಡ್ಡ ಕೋಳಿಗಳ ಜೊತೆಗೇ ಇದ್ದರೆ ದಾರಿ ಸುಲಭ: ಎಲ್ಲಕ್ಕೂ ಮರಿಗಳ ಫೀಡನ್ನೇ ಹಾಕಿ. ಮೊಟ್ಟೆ ಇಡುವವಕ್ಕೆ ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ, ಮರಿಗೆ ಎಟುಕದ ಎತ್ತರದಲ್ಲಿ ಇಡಿ.

ಕೆಲವು ಸ್ಟಾರ್ಟರ್‌ಗಳಲ್ಲಿ ಆಂಪ್ರೋಲಿಯಂ ಎಂಬ ಔಷಧ ಬೆರೆಸಿರುತ್ತಾರೆ. ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗವನ್ನು ಹತೋಟಿಯಲ್ಲಿಡಲು. ಎರಡು ವಿಷಯ ನೆನಪಿಡಿ. ಆ ರೋಗಕ್ಕೇ ಲಸಿಕೆ ಹಾಕಿಸಿದ ಮರಿಗಳಿಗೆ ಈ ಔಷಧದ ಫೀಡ್ ಬೇಡ, ಲಸಿಕೆಯ ಕೆಲಸ ಕೆಡುತ್ತದೆ. ಇನ್ನು ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರಾವಲಂಬಿಗೆ ವಿಟಮಿನ್ ಬಿ1 ಸಿಗದಂತೆ ತಡೆದು. ನೀವು ನೀರಿಗೆ ಬಿ ವಿಟಮಿನ್ ಡ್ರಾಪ್ಸ್ ಸುರಿಯುತ್ತಾ ಹೋದರೆ ಔಷಧದ ಬಲ ಕುಗ್ಗುತ್ತದೆ.

ಹಂತ 2: ಬಿಸಿ ಸರಿಯಿದೆಯಾ ನೋಡಿ

ಮೇವಿನ ಲೇಖನದಲ್ಲಿ ಮರಿಗಳನ್ನು ಬೆಚ್ಚಗಿಡುವ ಬಲ್ಬಿನ ವಿಷಯ ಯಾಕೆ ಅಂದರೆ, ಚಳಿ ಹಿಡಿದ ಮರಿ ತಿನ್ನುವುದಿಲ್ಲ. ಎದುರಿಗೆ ಏನಿಟ್ಟರೂ ತಿನ್ನುವುದಿಲ್ಲ. ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ 21ಕ್ಕೆ ತನ್ನಿ. ಥರ್ಮಾಮೀಟರ್ ಗೋಡೆಗೆ ನೇತುಹಾಕಿದರೆ ಪ್ರಯೋಜನ ಇಲ್ಲ. ಮರಿಯ ಬೆನ್ನಿನ ಎತ್ತರದಲ್ಲಿ, ಅಂದರೆ ಹಾಸಿನಿಂದ ಸುಮಾರು 5 ಸೆಂಟಿಮೀಟರ್ ಮೇಲೆ ಅಳೆಯಿರಿ. ಮರಿ ಬರುವ ಹಿಂದಿನ ದಿನವೇ ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಟ್ಟು ಸಾಕುವ ಜಾಗ, ಬಿಸಿಯಾಗಿರಬೇಕು.

ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪು ಕಟ್ಟಿ ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಚಳಿ. ಮೂಲೆ ಸೇರಿ ರೆಕ್ಕೆ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು, ಕೆಲವು ಮಲಗಿ ಕೆಲವು ಕೆದಕುತ್ತಾ ಇದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಫೀಡ್ ಮತ್ತು ನೀರನ್ನು ಬಲ್ಬಿನ ನೇರ ಕೆಳಗೆ ಇಡಬೇಡಿ. ನೀರು ಕಾಯುತ್ತದೆ, ಫೀಡ್ ಕೆಡುತ್ತದೆ. ಬೆಳಕಿನ ಅಂಚಿನಲ್ಲಿ ಇಡಿ.

ಹಂತ 3: ಮೊದಲು ನೀರು

ಮೊಟ್ಟೆಯಿಂದ ಹೊರಬರುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದರ ಬಲದಲ್ಲಿ 48ರಿಂದ 72 ಗಂಟೆ ತಡೆಯುತ್ತದೆ. ಮರಿಗಳನ್ನು ದೂರ ಸಾಗಿಸಲು ಆಗುವುದು ಇದರಿಂದಲೇ. ಆದರೆ ತಡೆಯುತ್ತದೆ ಅಂತ ಕಾಯಿಸಬೇಡಿ. ಬೇಗ ನೀರು, ಮೇವು ಸಿಕ್ಕ ಮರಿಯ ಕರುಳು ಬೇಗ ಬೆಳೆಯುತ್ತದೆ.

ಡ್ರಿಂಕರ್‌ನಲ್ಲಿ ಕೋಣೆಯಷ್ಟೇ ಬೆಚ್ಚಗಿನ ನೀರು ಹಾಕಿ. ಪ್ರತಿ ಮರಿಯನ್ನೂ ಎತ್ತಿ, ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ತಾಗಿಸಿ ಬಿಡಿ. ಮೂಗಿನ ತೂತು ಮುಳುಗಬಾರದು. ಮರಿ ತಲೆ ಮೇಲೆತ್ತಿ, ಕೊಕ್ಕು ಆಡಿಸಿ ಗುಟುಕರಿಸಿದರೆ ಅದಕ್ಕೆ ಪಾಠ ಆಯಿತು. ಎಲ್ಲಕ್ಕೂ ಮಾಡಲು ಬೇಸರ ಅನ್ನಿಸಿದರೆ ಕನಿಷ್ಠ ಅರ್ಧಕ್ಕಾದರೂ ಮಾಡಿ, ಉಳಿದವು ನೋಡಿ ಕಲಿಯುತ್ತವೆ. ನೀರಿನ ಸುತ್ತುಗಾಲುವೆಯಲ್ಲಿ ಗೋಲಿಗಳನ್ನು ಹಾಕಿಡಿ. ಒಂದು ಸೆಂಟಿಮೀಟರ್ ನೀರಿನಲ್ಲೂ ನಿದ್ದೆಗಣ್ಣಿನ ಮರಿ ಮುಖ ಅಡಿ ಬಿದ್ದು ಸಾಯುತ್ತದೆ.

ಪ್ರಯಾಣ ಮಾಡಿ ಬಂದ ಮರಿಗಳಿಗೆ ಒಂದೆರಡು ಗಂಟೆ ನೀರು ಮಾತ್ರ ಇಟ್ಟು ಆಮೇಲೆ ಫೀಡ್ ತೋರಿಸಿ. ಸುಸ್ತಾಗಿದ್ದರೆ ಮೊದಲ ದಿನ ಎಲೆಕ್ಟ್ರೋಲೈಟ್ ನೀರು ಕೊಡಬಹುದು. ಅದನ್ನೇ ವಾರಗಟ್ಟಲೆ ಮುಂದುವರಿಸಬೇಡಿ. ದಿನಕ್ಕೆ ಎರಡು ಸಲ ನೀರು ಬದಲಿಸಿ, ಡ್ರಿಂಕರ್ ಉಜ್ಜಿ ತೊಳೆಯಿರಿ. ಬೆರಳಿಗೆ ಲೋಳೆ ತಾಗಿದರೆ ಅದು ತೊಳೆದಿಲ್ಲ ಅಂತಲೇ ಅರ್ಥ.

ಹಂತ 4: ಫೀಡನ್ನು ಕಣ್ಣಿಗೆ ಕಾಣುವಂತೆ ಚೆಲ್ಲಿ

ಮೊದಲ ಎರಡು ದಿನ ಫೀಡರ್ ಅಷ್ಟೇ ಇಟ್ಟರೆ ಸಾಲದು. ಒರಟು ಕಾಗದದ ಮೇಲೆ ತೆಳ್ಳಗೆ ಚೆಲ್ಲಿ, ಪಕ್ಕದಲ್ಲೇ ಮೇವು ಹಾಕಿದ ಫೀಡರ್ ಇಡಿ. ತೋರುಬೆರಳಿನಿಂದ ಕಾಗದದ ಮೇಲೆ ಟಕ್ ಟಕ್ ಅಂತ ಕುಟ್ಟಿ. ತಾಯಿಕೋಳಿ ಕೊಕ್ಕಿನಿಂದ ಮಾಡುವುದೂ ಅದನ್ನೇ. ಒಂದು ಮರಿ ಬಂದು ಕುಕ್ಕಿದರೆ ಸಾಕು, ಮಿಕ್ಕವು ಓಡಿ ಬರುತ್ತವೆ. ಕಾಗದ ಒದ್ದೆಯಾದರೆ, ಹಿಕ್ಕೆಯಾದರೆ ತೆಗೆದು ಬೇರೆ ಹಾಸಿ. ಮೂರನೇ ದಿನದ ಹೊತ್ತಿಗೆ ಎಲ್ಲವೂ ಫೀಡರ್ ಗುರುತಿಸುತ್ತವೆ. ಆಗ ಕಾಗದ ತೆಗೆದುಬಿಡಿ. ಕೆಳಗೆ ಹೊಟ್ಟಿನ ಹಾಸು ಇದ್ದರೆ ಅಲ್ಲಿಯವರೆಗೆ ಅದು ಕಾಣದಂತೆ ಮುಚ್ಚಿರುವುದು ಒಳ್ಳೆಯದು. ಯಾವುದು ಮೇವು ಅಂತ ಇನ್ನೂ ತಿಳಿಯದ ಮರಿ ಹೊಟ್ಟನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಪ್ರತಿ ಮರಿಗೂ ಫೀಡರಿನ ಅಂಚಿನಲ್ಲಿ ಸುಮಾರು 2.5 ಸೆಂಟಿಮೀಟರ್ ಜಾಗ ಬೇಕು. ಕಡಿಮೆಯಿದ್ದರೆ ಜೋರಿನ ಮರಿಗಳು ತಿನ್ನುತ್ತವೆ, ಮೆತ್ತನೆಯವು ಹಿಂದೆ ನಿಲ್ಲುತ್ತವೆ. ಒಂದೇ ದೊಡ್ಡದರ ಬದಲು ಎರಡು ಸಣ್ಣ ಫೀಡರ್ ಇಡುವುದೇ ನನ್ನ ಪ್ರಕಾರ ವಾಸಿ. ಅಂಚು ಮರಿಯ ಬೆನ್ನಿನ ಎತ್ತರಕ್ಕೆ ಬರುವಂತೆ ವಾರವಾರ ಏರಿಸುತ್ತಾ ಹೋಗಿ. ಅರ್ಧದಷ್ಟು ಮಾತ್ರ ತುಂಬಿ. ತುಂಬಿ ತುಳುಕಿದರೆ ಕೆದಕಿ ಚೆಲ್ಲುವುದೇ ಆಟ.

ಸ್ಟಾರ್ಟರ್ ಯಾವಾಗಲೂ ಮುಂದೆ ಇರಲಿ. ಹೊತ್ತು ಹೊತ್ತಿಗೆ ಅಳೆದು ಕೊಡುವ ವಯಸ್ಸು ಇದಲ್ಲ.

ಹಂತ 5: ರಾತ್ರಿ ಮರಿಯ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ

ಎಲ್ಲರೂ ಬಿಡುವ ಹಂತ ಇದು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಉಪಯೋಗದ್ದು ಇದೇ. ಮರಿ ತಿಂದ ಮೇವು ಮೊದಲು ಬಂದು ನಿಲ್ಲುವುದು ಕತ್ತಿನ ಬುಡದಲ್ಲಿ, ಎದೆಯ ಮುಂಭಾಗದಲ್ಲಿರುವ ಚೀಲದಲ್ಲಿ. ಮರಿಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಮೆಲ್ಲಗೆ ಮುಟ್ಟಿ. ಹಿಸುಕಬೇಡಿ.

ಕಲಸಿದ ಹಿಟ್ಟಿನ ಉಂಡೆಯಂತೆ ಮೆತ್ತಗೆ ದುಂಡಗಿದ್ದರೆ ಮೇವೂ ನೀರೂ ಎರಡೂ ಒಳಗೆ ಹೋಗಿದೆ. ಗಟ್ಟಿಯಾಗಿ, ಫೀಡಿನ ಕಾಳು ಕೈಗೆ ಹರಳು ಹರಳಾಗಿ ಸಿಕ್ಕಿದರೆ ತಿಂದಿದೆ, ಆದರೆ ನೀರು ಕುಡಿದಿಲ್ಲ. ನೀರು ತುಂಬಿದ ಬಲೂನಿನಂತೆ ಇದ್ದರೆ ಬರೀ ಕುಡಿದಿದೆ, ಮೇವು ಸಿಕ್ಕಿಲ್ಲ. ಏನೂ ಕೈಗೆ ಸಿಗದಿದ್ದರೆ ಆ ಮರಿಗೆ ಎರಡೂ ಗೊತ್ತಾಗಿಲ್ಲ. ಅದನ್ನು ಎತ್ತಿಕೊಂಡು ಹಂತ 3ರಿಂದ ಮತ್ತೆ ಶುರು ಮಾಡಿ.

24 ಗಂಟೆ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮರಿಗಳ ಚೀಲವೂ ತುಂಬಿರಬೇಕು. ಇಪ್ಪತ್ತರಲ್ಲಿ ನಾಲ್ಕೈದು ಖಾಲಿ ಇದ್ದರೆ ಒಂದೊಂದು ಮರಿಯ ದೋಷ ಹುಡುಕಬೇಡಿ. ಬಿಸಿ, ಬೆಳಕು ಅಥವಾ ತಟ್ಟೆ ಇಟ್ಟ ಜಾಗದಲ್ಲೇ ಎಡವಟ್ಟಾಗಿದೆ.

ಹಂತ 6: ಮೊದಲ ವಾರ ದಿನಾ ಹಿಂಭಾಗ ನೋಡಿ

ಹಿಕ್ಕೆ ಗುದದ ಬಾಯಿಗೆ ಅಂಟಿ ಒಣಗಿದರೆ ಮರಿ ಹಿಕ್ಕೆ ಹಾಕಲಾಗದೆ ಸಾಯುತ್ತದೆ. ಚಳಿ, ಸೆಕೆ, ಪ್ರಯಾಣದ ಆಯಾಸ, ಹೊತ್ತಲ್ಲದ ಹೊತ್ತಿನ ತಿಂಡಿ ಎಲ್ಲವೂ ಇದಕ್ಕೆ ಕಾರಣ ಆಗಬಹುದು. ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ಮೆತ್ತಿದ ಜಾಗಕ್ಕೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ತಾನಾಗಿ ಕರಗಿ ಬಿಡಲಿ. ಒಣಗಿದ್ದನ್ನು ಕಿತ್ತರೆ ಚರ್ಮವೇ ಬರುತ್ತದೆ. ಆಮೇಲೆ ಚೆನ್ನಾಗಿ ಒರೆಸಿ, ಬಲ್ಬಿನ ಕೆಳಗೆ ಒಣಗಿಸಿ, ಒಂದು ತೊಟ್ಟು ಅಡುಗೆ ಎಣ್ಣೆ ಸವರಿ ಗುಂಪಿಗೆ ಬಿಡಿ.

ಒಂದು ಎಚ್ಚರಿಕೆ. ಗುದದಿಂದ ಸ್ವಲ್ಪ ಕೆಳಗೆ, ಹೊಟ್ಟೆಯ ಕಡೆ ಕಪ್ಪಗೆ ಒಣಗಿದ ಸಣ್ಣ ಚುಕ್ಕೆಯೊಂದು ಕಾಣಬಹುದು. ಅದು ಹೊಕ್ಕುಳು. ಅದನ್ನು ಹಿಕ್ಕೆ ಅಂದುಕೊಂಡು ಎಳೆಯಬೇಡಿ.

ಹಂತ 7: ತಿಂಡಿಗಿಂತ ಮುಂಚೆ ಗ್ರಿಟ್

ಕೋಳಿಗೆ ಹಲ್ಲಿಲ್ಲ. ನುಂಗಿದ್ದನ್ನು ಅರೆಯುವುದು ಒಳಗಿನ ಗಟ್ಟಿ ಸ್ನಾಯುವಿನ ಹೊಟ್ಟೆ. ಅರೆಯಲು ಅದಕ್ಕೆ ಕಲ್ಲಿನ ಹರಳು ಬೇಕು, ಅದನ್ನೇ ಗ್ರಿಟ್ ಅನ್ನುವುದು. ಸ್ಟಾರ್ಟರ್ ಪುಡಿಕಾಳು ನೀರಿನಲ್ಲೇ ಕರಗುವುದರಿಂದ ಬರೀ ಅದನ್ನೇ ತಿನ್ನುವ ಮರಿಗೆ ಗ್ರಿಟ್ ಬೇಡ. ಬೇರೆ ಏನನ್ನೇ ಕೊಡುವುದಾದರೂ, ಒಂದು ಎಲೆ ಸೊಪ್ಪಾದರೂ ಸರಿ, ಎರಡು ಮೂರು ದಿನ ಮುಂಚೆಯೇ ಗ್ರಿಟ್ ಇಟ್ಟಿರಬೇಕು.

ಮರಿಗಳ ಗ್ರಿಟ್ ಒಂದೆರಡು ಮಿಲಿಮೀಟರ್ ಗಾತ್ರದ್ದು, ದಪ್ಪ ಮರಳಿನ ಹಾಗೆ. ಸಣ್ಣ ಬಟ್ಟಲಲ್ಲಿ ಬೇರೆಯಾಗಿ ಇಡಿ, ಫೀಡಿಗೆ ಬೆರೆಸಬೇಡಿ. ಬೇಕಾದಷ್ಟನ್ನು ಮಾತ್ರ ಅವು ತೆಗೆದುಕೊಳ್ಳುತ್ತವೆ. ಕಪ್ಪೆಚಿಪ್ಪಿನ ಪುಡಿ ಗ್ರಿಟ್ ಅಲ್ಲ. ಅದು ಕ್ಯಾಲ್ಸಿಯಂ, ಹೊಟ್ಟೆಯಲ್ಲಿ ಕರಗಿಹೋಗುತ್ತದೆ, ಮರಿಗೆ ಬೇಡವೇ ಬೇಡ. ಸಮುದ್ರದ ಮರಳೂ ಬೇಡ, ಉಪ್ಪು ಇರುತ್ತದೆ.

ಹಂತ 8: ಈಗ ತಿಂಡಿ, ಅದೂ ತೂಕ ನೋಡಿ

ಮೊದಲ ಎರಡು ವಾರ ತಿಂಡಿ ಬೇಡ. ಮೂರನೇ ವಾರದಿಂದ ಶುರು ಮಾಡಿ. ಒಂದೆರಡು ದಿನ ಮುಂಚೆ ಕೊಟ್ಟರೆ ಎಲ್ಲ ಮರಿಯೂ ಸತ್ತುಹೋಗುತ್ತವೆ ಅಂತಲ್ಲ. ಆದರೆ ಆ ಹೊತ್ತಿನಲ್ಲಿ ಒಂದೊಂದು ಗುಟುಕೂ ಬೆಳವಣಿಗೆಗೆ ಹೋಗಬೇಕು, ತಿಂಡಿ ಆ ಜಾಗ ಕಸಿಯುತ್ತದೆ ಅಷ್ಟೆ.

ಎಷ್ಟು ಕೊಡಬೇಕು? ದಿನದ ಮೇವಿನಲ್ಲಿ ಹತ್ತನೇ ಒಂದು ಭಾಗ ದಾಟಬಾರದು. ಕೇಳಲು ಸುಲಭ, ಕೈಯಲ್ಲಿ ಹಿಡಿದಾಗ ಎಲ್ಲರೂ ತಪ್ಪುವುದು ಇಲ್ಲೇ. ಲೆಕ್ಕ ಹಾಕಿ ನೋಡೋಣ. ಮೊಟ್ಟೆ ತಳಿಯ ಮರಿ ಮೂರನೇ ವಾರದಲ್ಲಿ ದಿನಕ್ಕೆ ಸುಮಾರು 20ರಿಂದ 25 ಗ್ರಾಂ ತಿನ್ನುತ್ತದೆ. ಅದರ ಹತ್ತನೇ ಒಂದು ಅಂದರೆ 2 ಗ್ರಾಂ ಚಿಲ್ಲರೆ. ಹತ್ತು ಮರಿಗೆ ಸೇರಿ 20ರಿಂದ 25 ಗ್ರಾಂ. ಸಿಪ್ಪೆ ಸುಲಿದ ಒಂದು ಬೇಯಿಸಿದ ಮೊಟ್ಟೆ 45-50 ಗ್ರಾಂ ತೂಗುತ್ತದೆ. ಅಂದರೆ ಹತ್ತು ಮರಿಗೆ ಒಂದು ಮೊಟ್ಟೆ ಪೂರ್ತಿ ಜಾಸ್ತಿಯೇ, ಅರ್ಧ ಸಾಕು. ಮೊಟ್ಟೆ, ಸೊಪ್ಪಿನಲ್ಲಿ ನೀರಿನಂಶ ಇರುವುದರಿಂದ ಲೆಕ್ಕ ತುಸು ಆಚೀಚೆ ಆಗಬಹುದು, ಆದರೆ ಹಿಡಿ ತುಂಬ ಎಸೆಯುವ ಅಭ್ಯಾಸ ಬಿಡಲು ಒಂದು ಸಲ ತೂಗಿ ನೋಡುವುದು ಒಳ್ಳೆಯದು.

ಏನು ಕೊಡಬಹುದು: ಪೂರ್ತಿ ಬೇಯಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ಸೊಪ್ಪು, ತುರಿದ ಸೌತೆಕಾಯಿ ಅಥವಾ ಕುಂಬಳಕಾಯಿ, ಚೂರು ಮಾಡಿದ ಒಣ ಹುಳು. ಮೊಟ್ಟೆ ಕೊಟ್ಟರೆ ಮುಂದೆ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನುತ್ತದೆ ಅನ್ನುವ ಭಯ ಬೇಡ. ಬೇಯಿಸಿ ಪುಡಿ ಮಾಡಿದ್ದನ್ನು ಮರಿ ಮೊಟ್ಟೆ ಅಂತ ಗುರುತಿಸುವುದಿಲ್ಲ. ಸೊಪ್ಪನ್ನು ಉದ್ದುದ್ದ ಬಿಡಬೇಡಿ. ಉದ್ದನೆಯ ಹುಲ್ಲು, ನಾರು ಮೇವಿನ ಚೀಲದಲ್ಲಿ ಉಂಡೆಗಟ್ಟಿ ದಾರಿ ಮುಚ್ಚುತ್ತದೆ.

ಯಾವಾಗ: ಮಧ್ಯಾಹ್ನದ ಮೇಲೆ, ಸ್ಟಾರ್ಟರ್ ತಿಂದು ಚೀಲ ತುಂಬಿರುವಾಗ. ಬೆಳಿಗ್ಗೆ ಎದ್ದ ಕೂಡಲೇ ಕೊಟ್ಟರೆ ಫೀಡ್ ಬಿಟ್ಟು ತಿಂಡಿಗೇ ಕಾಯುತ್ತವೆ. ಒಂದು ದಿನ ಒಂದೇ ಹೊಸ ಬಗೆ. ಮಾರನೇ ದಿನ ಹಿಕ್ಕೆ ನೋಡಿ, ಸರಿಯಿದ್ದರೆ ಮುಂದುವರಿಸಿ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯದೆ ಉಳಿದದ್ದನ್ನು ತೆಗೆದುಹಾಕಿ. ಬ್ರೂಡರಿನ ಬಿಸಿಗೆ ಮೊಟ್ಟೆ ಬೇಗ ಹಳಸುತ್ತದೆ.

ಒಂದು ಹುಳು ಎಸೆದು ನೋಡಿ, ಗಮ್ಮತ್ತು ಇರುತ್ತದೆ. ಒಂದು ಮರಿ ಕಚ್ಚಿಕೊಂಡು ಓಡುತ್ತದೆ, ಉಳಿದ ಎಲ್ಲವೂ ತಟ್ಟೆಯಲ್ಲಿ ಇರುವುದನ್ನು ಬಿಟ್ಟು ಅದರ ಬೆನ್ನು ಹತ್ತುತ್ತವೆ. ನೋಡಲು ಚೆಂದವೇ, ಆದರೆ ಸಣ್ಣ ಮರಿಗೆ ಏನೂ ಸಿಗುವುದಿಲ್ಲ. ಅದಕ್ಕೆ ಚೂರು ಮಾಡಿ, ಎರಡು ಮೂರು ಕಡೆ ಹಾಕಿ. ಕೈಯಿಂದ ತಿನ್ನಿಸುವ ಆಸೆಯಿದ್ದರೆ ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಇಟ್ಟು ಸುಮ್ನೆ ಕಾಯಿರಿ. ಮೇಲಿನಿಂದ ಕೈ ಇಳಿಸಿದರೆ ಹೆದರಿ ಓಡುತ್ತವೆ, ಹದ್ದು ಬರುವುದು ಆ ಕಡೆಯಿಂದಲೇ ಅಲ್ವಾ.

ಯಾವ ವಯಸ್ಸಿಗೂ ಕೊಡಬಾರದ್ದು

ಬೆಣ್ಣೆಹಣ್ಣು, ಅದರಲ್ಲೂ ಸಿಪ್ಪೆ ಮತ್ತು ಬೀಜ: ಪರ್ಸಿನ್ ಎಂಬ ವಿಷ ಹಕ್ಕಿಗಳ ಹೃದಯಕ್ಕೆ ಕೆಡುಕು. ಬೇಯಿಸದ ಒಣ ಹುರುಳಿಕಾಯಿ ಬೀಜ, ರಾಜ್ಮಾ: ಹಸಿಯದರಲ್ಲಿ ಲೆಕ್ಟಿನ್ ವಿಷವಿದೆ. ಹಸಿರು ತಿರುಗಿದ ಆಲೂಗಡ್ಡೆ ಮತ್ತು ಅದರ ಸಿಪ್ಪೆ: ಸೋಲನಿನ್. ಚಾಕೊಲೇಟ್. ಉಪ್ಪು, ಎಣ್ಣೆ, ಸಕ್ಕರೆ ಹಾಕಿದ ನಮ್ಮ ಊಟದ ಉಳಿಕೆ. ದೊಡ್ಡ ಕೋಳಿ ತಡೆದುಕೊಳ್ಳುವಷ್ಟು ಉಪ್ಪನ್ನು ಮರಿ ತಡೆಯುವುದಿಲ್ಲ. ಹಾಲು ಕುಡಿಸಿದರೆ ಶಕ್ತಿ ಬರುತ್ತದೆ ಅಂತ ಕೆಲವರು ಕೊಡುತ್ತಾರೆ. ಕೋಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ.

ಬೂಷ್ಟು ಹಿಡಿದ ಯಾವುದನ್ನೂ ಕೋಳಿಗಾದರೂ ಆಗುತ್ತದೆ ಅಂತ ಹಾಕಬೇಡಿ. ಬೂಷ್ಟಿನ ಅಫ್ಲಟಾಕ್ಸಿನ್ ಪಿತ್ತಜನಕಾಂಗ ಕೆಡಿಸುತ್ತದೆ. ಅದರ ಪುಡಿ ಉಸಿರಿನಲ್ಲಿ ಒಳಹೋದರೆ ಮರಿಗೆ ಶ್ವಾಸಕೋಶದ ರೋಗ. ಫೀಡಿನ ಚೀಲವನ್ನು ನೆಲದಿಂದ ಎತ್ತರದಲ್ಲಿ, ಮುಚ್ಚಳವಿರುವ ಡಬ್ಬದಲ್ಲಿ ಇಡಿ. ಒಂದು ತಿಂಗಳಲ್ಲಿ ಖಾಲಿಯಾಗುವಷ್ಟೇ ತನ್ನಿ. ಹಳೆಯದಾದಷ್ಟೂ ವಿಟಮಿನ್ ಇಳಿಯುತ್ತದೆ.

ಈ ಗುರುತು ಕಂಡರೆ ತಿಂಡಿ ನಿಲ್ಲಿಸಿ

ಹಿಕ್ಕೆಯಲ್ಲಿ ಕೆಂಪು ರಕ್ತ, ಜೊತೆಗೆ ಮರಿ ಗರಿ ಉಬ್ಬಿಸಿ ಕಣ್ಣು ಮುಚ್ಚಿ ಕೂತಿದ್ದರೆ ಕಾಕ್ಸಿಡಿಯೋಸಿಸ್ ಇರಬಹುದು. ಮೂರರಿಂದ ಆರನೇ ವಾರದಲ್ಲಿ ಇದು ಸಾಮಾನ್ಯ, ಹರಡುವುದೂ ಬೇಗ. ಅದೇ ದಿನ ಪಶುವೈದ್ಯರಿಗೆ ತೋರಿಸಿ, ಒದ್ದೆ ಹಾಸನ್ನು ಬದಲಿಸಿ. ಹತ್ತರಲ್ಲಿ ಒಂದು ಹಿಕ್ಕೆ ಚಾಕೊಲೇಟ್ ಬಣ್ಣದಲ್ಲಿ ನೀರಾಗಿ, ಗಬ್ಬು ನಾರುತ್ತಿದ್ದರೆ ಗಾಬರಿ ಬೇಡ, ಅದು ಕುರುಡು ಕರುಳಿನಿಂದ ಬರುವ ಮಾಮೂಲಿ ಹಿಕ್ಕೆ.

ಕಾಲಿನ ಬೆರಳು ಒಳಕ್ಕೆ ಮಡಚಿಕೊಂಡು ಮರಿ ಹಿಮ್ಮಡಿಯ ಮೇಲೆ ನಡೆದರೆ ವಿಟಮಿನ್ ಬಿ2 ಕೊರತೆ. ತಲೆ ಹಿಂದಕ್ಕೆ ಬಾಗಿ ಆಕಾಶ ನೋಡುತ್ತಿದ್ದರೆ ಬಿ1 ಕೊರತೆ ಇರಬಹುದು. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾದರೆ ಡಿ3 ಅಥವಾ ಖನಿಜಗಳ ಲೆಕ್ಕ ತಪ್ಪಿದೆ. ಸ್ಟಾರ್ಟರ್ ಬಿಟ್ಟು ಬರೀ ಕಾಳು, ನುಚ್ಚಿನಲ್ಲಿ ಬೆಳೆಸಿದ ಮರಿಗಳಲ್ಲಿ ಇವೆಲ್ಲ ಜಾಸ್ತಿ.

ಬೆಳಿಗ್ಗೆ ಎದ್ದಾಗಲೂ ಮೇವಿನ ಚೀಲ ತುಂಬಿಯೇ ಇದ್ದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ. ರಾತ್ರಿ ತುಂಬಿದ್ದು ಬೆಳಗಿನ ಹೊತ್ತಿಗೆ ಇಳಿದಿರಬೇಕು. ಆ ಮರಿಯನ್ನು ಬೇರೆ ಮಾಡಿ, ನೀರು ಮಾತ್ರ ಇಟ್ಟು ವೈದ್ಯರನ್ನು ಕೇಳಿ. ತಲೆಕೆಳಗೆ ಹಿಡಿದು ವಾಂತಿ ಮಾಡಿಸಲು ಹೋಗಬೇಡಿ, ಶ್ವಾಸನಾಳಕ್ಕೆ ನುಗ್ಗಿ ಅಲ್ಲೇ ಸಾಯುತ್ತದೆ.

ಹಂತ 9: ಸ್ಟಾರ್ಟರ್‌ನಿಂದ ಗ್ರೋಯರ್‌ಗೆ

ಮೊಟ್ಟೆ ತಳಿಯ ಮರಿಗಳು ಆರರಿಂದ ಎಂಟನೇ ವಾರದಲ್ಲಿ ಗ್ರೋಯರ್ ಫೀಡಿಗೆ ಬರಬೇಕು. ಪ್ರೋಟೀನ್ ಶೇಕಡಾ 16ರ ಆಸುಪಾಸು ಇರುತ್ತದೆ. ಒಂದೇ ದಿನ ಬದಲಿಸಿದರೆ ಕೆಲವು ಮುಖ ತಿರುಗಿಸುತ್ತವೆ, ಕೆಲವಕ್ಕೆ ಭೇದಿ. ಮೊದಲ ಎರಡು ದಿನ ಮುಕ್ಕಾಲು ಸ್ಟಾರ್ಟರ್, ಕಾಲು ಗ್ರೋಯರ್. ಮುಂದಿನ ಎರಡು ದಿನ ಅರ್ಧಕ್ಕರ್ಧ. ಮತ್ತೆರಡು ದಿನ ಕಾಲು ಸ್ಟಾರ್ಟರ್, ಮುಕ್ಕಾಲು ಗ್ರೋಯರ್. ಆಮೇಲೆ ಪೂರ್ತಿ ಗ್ರೋಯರ್. ಈ ಒಂದು ವಾರ ತಿಂಡಿ ಬೇಡ. ಭೇದಿಯಾದರೆ ಹೊಸ ಫೀಡಿನಿಂದಲೋ ತಿಂಡಿಯಿಂದಲೋ ಗೊತ್ತಾಗುವುದಿಲ್ಲ.

ಗ್ರೋಯರ್‌ಗೆ ಬಂದ ಮೇಲೂ ತಿಂಡಿಯ ಹತ್ತನೇ ಒಂದು ಭಾಗದ ಲೆಕ್ಕ ಬದಲಾಗುವುದಿಲ್ಲ, ಗ್ರಿಟ್‌ನ ಹರಳು ಮಾತ್ರ ಒಂದು ಗಾತ್ರ ದೊಡ್ಡದಾಗಲಿ. ಲೇಯರ್ ಫೀಡಿನ ಚೀಲ ಬಿಚ್ಚುವುದು ಹದಿನಾರು ಹದಿನೆಂಟನೇ ವಾರ ದಾಟಿ, ಮೊದಲ ಮೊಟ್ಟೆ ಹತ್ತಿರವಾದಾಗ.